ಹೊಳೆಯಾಚೆ ದ್ವಾದಶಿ

ಮೂಡಸೀಮೆಗೂ ಪಡುಸೀಮೆಗೂ ನಡುವೆ ಒಂದು ಹೊಳೆಯಿತ್ತು. ಒಂದು ದಿನವೂ ಇತ್ತು.

ಹೊಳೆಯನ್ನು ದೇವರು ಮಾಡಿದ್ದ. ದಿನವನ್ನು ಪಂಚಾಂಗದವರು ಮಾಡಿದ್ದರು.

ಎರಡೂ ಸೀಮೆಯವರು ಒಂದೇ ದೇವರಿಗೆ ಕೈ ಮುಗಿಯುತ್ತಿದ್ದರು, ಒಂದೇ ಭಾಷೆಯಲ್ಲಿ ಬೈಯುತ್ತಿದ್ದರು. ಏಕಾದಶಿಗೆ ಉಪವಾಸವಿದ್ದು ಮಾರನೆಯ ದಿನ ದ್ವಾದಶಿಗೆ ಚೆನ್ನಾಗಿ ಉಣ್ಣುತ್ತಿದ್ದರು. ಲೆಕ್ಕ ಹಾಕುವ ಕ್ರಮ ಮಾತ್ರ ಬೇರೆ. ಹಾಗಾಗಿ ಕೆಲವು ಪಕ್ಷಗಳಲ್ಲಿ ಪಡುಸೀಮೆಯ ಏಕಾದಶಿ ಒಂದು ದಿನ ಮೊದಲೇ ಬಂದುಬಿಡುತ್ತಿತ್ತು.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಆಮೇಲೆ ಎರಡು ಸೀಮೆಗಳಿಗೂ ಹಗೆ ಹುಟ್ಟಿತು. ಗೂಢಚಾರರನ್ನು ಹಿಡಿಯಬೇಕಾಯಿತು. ಮುಖ ಒಂದೇ, ಮಾತು ಒಂದೇ, ಉಡುವ ಪಂಚೆ ಒಂದೇ. ಹಿಡಿಯುವುದು ಯಾರನ್ನು?

ಪಡುಸೀಮೆಯ ಅರಸ ಬಹಳ ಯೋಚಿಸಿ ಆಜ್ಞೆ ಹೊರಡಿಸಿದ. ನಮ್ಮ ಏಕಾದಶಿಯ ದಿನ ಉಂಡವನು ಶತ್ರು. ನಮ್ಮ ದ್ವಾದಶಿಯ ದಿನ ಉಣ್ಣದವನೂ ಶತ್ರು.

ಅದಕ್ಕೆಂದೇ ದಾರಿಯುದ್ದಕ್ಕೂ ಊಟದ ಕಟ್ಟೆಗಳನ್ನು ಕಟ್ಟಿಸಿದ. ದ್ವಾದಶಿಯ ದಿನ ಬಂದ ದಾರಿಹೋಕರಿಗೆಲ್ಲ ಎಲೆ ಹಾಕಿ ಬಡಿಸಬೇಕು. ಒಲ್ಲೆ ಎಂದವನನ್ನು ಕಟ್ಟಿ ಕೋಟೆಗೆ ಕಳಿಸಬೇಕು. ಇಷ್ಟು ರುಚಿಯಾದ ತಪಾಸಣೆ ಬೇರೆ ಯಾವ ಗಡಿಯಲ್ಲೂ ಇಲ್ಲವೆಂದು ಬದುಕಿ ಬಂದವರು ಹೇಳುತ್ತಿದ್ದರು.

ಮೂಡಸೀಮೆಯ ದಡದಲ್ಲಿ ಒಂದು ಆಶ್ರಮ. ಒಬ್ಬ ಗುರು, ಇಬ್ಬರು ಶಿಷ್ಯರು. ಜನಾರ್ದನ ಪಂಚಾಂಗ ಬರೆಯುತ್ತಿದ್ದ. ಪುಂಡಲೀಕ ಉಳಿದ ಕೆಲಸವನ್ನೆಲ್ಲ ಮಾಡುತ್ತಿದ್ದ.

ಅಂದು ಮೂಡಸೀಮೆಗೆ ಏಕಾದಶಿ. ಹೊತ್ತು ಮೂಡುವ ಮುಂಚೆ ದಡದಿಂದ ಒಂದು ಕೂಗು ಕೇಳಿತು.

ಹರಿಗೋಲಿನ ಚೌಡ. ಅವನು ಎರಡೂ ದಡಕ್ಕೆ ಜನರನ್ನು ಸಾಗಿಸುತ್ತಿದ್ದವನು.

“ಸ್ವಾಮಿ, ನಿಮ್ಮ ಪುಂಡಲೀಕಪ್ಪನ್ನ ಹಿಡಿದವ್ರೆ!”

“ಯಾರು?”

“ಆಚೆಯವರು. ನಿನ್ನೆ ಮಧ್ಯಾಹ್ನ ಮರದ ಕೆಳಗೆ ಕೂತು ಮೊಸರವಲಕ್ಕಿ ತಿಂತಿದ್ದನಂತೆ. ನಿನ್ನೆ ಅವರಿಗೆ ಏಕಾದಶಿ. ಬಾಯಿ ಒರೆಸಿಕೊಳ್ಳೋಕೂ ಬಿಡದೆ ಎಳೆದುಕೊಂಡು ಹೋದರಂತೆ.”

ಜನಾರ್ದನನ ಕೈಯಲ್ಲಿದ್ದ ಓಲೆಗರಿ ನೆಲಕ್ಕೆ ಬಿತ್ತು.

“ಏನು ಮಾಡುತ್ತಾರಂತೆ?” ಎಂದರು ಗುರುಗಳು.

“ಇವತ್ತು ಹೊತ್ತು ಮುಳುಗುತ್ತಲೂ ಗಲ್ಲು. ಅವನ ಕಡೆಯವರು ಯಾರಾದರೂ ಕಲ್ಲುಕೋಟೆಗೆ ಬಂದು, ಇವನು ಗೂಢಚಾರ ಅಲ್ಲ ಅಂತ ಠಾಣೇದಾರರ ಮುಂದೆ ಸಾಬೀತು ಮಾಡಿದರೆ ಬಿಡ್ತಾರಂತೆ. ಕಲ್ಲುಕೋಟೆ ಆ ದಡದಿಂದ ಆರು ಹರದಾರಿ ಸ್ವಾಮಿ.”

ಗುರುಗಳು ಕೋಲು ತೆಗೆದುಕೊಂಡರು.

ಹರಿಗೋಲಿನಲ್ಲಿ ಜನಾರ್ದನ ಗುರುಗಳ ಕಡೆಗೆ ತಿರುಗಿ ಕುಳಿತ. ಆಮೇಲೆ ಹೇಳಿದ.

“ಗುರುಗಳೇ, ಪುಂಡಲೀಕ ಔಷಧಿಯ ಬೇರು ತರಲು ಆಚೆಗೆ ಹೋಗುತ್ತೇನೆ ಎಂದಾಗ ಅವಲಕ್ಕಿ ಕಟ್ಟಿಕೊಟ್ಟವನು ನಾನೇ. ‘ಇವತ್ತು ದಶಮಿ, ಮಧ್ಯಾಹ್ನ ಹೊಟ್ಟೆ ತುಂಬ ತಿನ್ನು, ನಾಳೆ ಉಪವಾಸ’ ಎಂದು ಹೇಳಿದವನೂ ನಾನೇ.”

“ಆಚೆಯವರಿಗೆ ಏಕಾದಶಿ ಎಂಬುದು ನಿನಗೆ ಗೊತ್ತಿರಲಿಲ್ಲವೇ?”

“ಅವರ ಪಂಚಾಂಗವನ್ನು ನಾನು ನೋಡುವುದಿಲ್ಲ.”

“ಏಕೆ?”

“ತಪ್ಪು ಪಂಚಾಂಗ ಗುರುಗಳೇ. ನಿನ್ನೆ ಬೆಳಗಿನ ಜಾವಕ್ಕೆ ದಶಮಿ ಇನ್ನೂ ಎರಡು ವಿಘಳಿಗೆ ಉಳಿದಿತ್ತು. ಒಂದು ಚೊಂಬು ನೀರು ಕುಡಿಯುವಷ್ಟು ಹೊತ್ತು. ಅಷ್ಟು ದಶಮಿ ಸೋಕಿದ ದಿನ ಏಕಾದಶಿ ಆಗಲಾರದು. ಏಕಾದಶಿ ಇವತ್ತೇ. ನನ್ನ ಲೆಕ್ಕ ಸರಿಯಲ್ಲವೇ?”

“ಸರಿ.”

“ಹಾಗಾದರೆ ಅವರದು ತಪ್ಪು?”

“ತಪ್ಪು.”

“ಹಾಗಾದರೆ?”

“ಚೌಡ, ಸ್ವಲ್ಪ ಬೇಗ ಹುಟ್ಟು ಹಾಕಪ್ಪ.”

ಹೊಳೆಯ ನಡುವೆ ಚೌಡ ಹುಟ್ಟನ್ನು ಪಕ್ಕಕ್ಕಿಟ್ಟು, ಗಂಟು ಬಿಚ್ಚಿ, ರೊಟ್ಟಿ ಮುರಿದ.

ಜನಾರ್ದನ ಸಿಡುಕಿದ. “ಇದೇನು, ಏಕಾದಶಿಯ ದಿನ!”

“ಆ ದಡದಲ್ಲಿ ತಿಂದ್ರೆ ಒಂದು ದಿನ ತಪ್ಪು, ಈ ದಡದಲ್ಲಿ ತಿಂದ್ರೆ ಇನ್ನೊಂದು ದಿನ ತಪ್ಪು. ಅದಕ್ಕೇ ನಾನು ಮಧ್ಯದಲ್ಲೇ ಉಣ್ಣೋದು. ಇಪ್ಪತ್ತು ವರ್ಷ ಆಯ್ತು. ಮೀನು ಬಿಟ್ಟರೆ ಯಾರೂ ನೋಡಿಲ್ಲ.”

ಅವರು ದಡಕ್ಕೆ ಇಳಿದಾಗ ಸೂರ್ಯ ಒಂದು ಮಾರು ಮೇಲೇರಿದ್ದ.

ಜನಾರ್ದನನದು ನಿರ್ಜಲ ಏಕಾದಶಿ. ಹನ್ನೆರಡು ವರ್ಷಗಳಿಂದ ಆ ದಿನ ಒಂದು ಹನಿ ನೀರೂ ಅವನ ಗಂಟಲಿಗೆ ಇಳಿದಿರಲಿಲ್ಲ. ಗುರುಗಳು ಬೇರೆ ದಿನಗಳಲ್ಲೂ ಎರಡು ಹಿಡಿ ಅನ್ನಕ್ಕಿಂತ ಹೆಚ್ಚು ಉಣ್ಣುತ್ತಿರಲಿಲ್ಲ.

ಒಂದೂವರೆ ಹರದಾರಿ ನಡೆದ ಮೇಲೆ ಮೊದಲನೆಯ ಕಟ್ಟೆ ಬಂತು. ಚಪ್ಪರ, ರಂಗೋಲಿ, ಸಾಲಾಗಿ ಬಾಳೆಲೆ. ಗಾಳಿಯ ತುಂಬ ತುಪ್ಪದ ಘಮ. ಕಂಬಕ್ಕೆ ಒಂದು ಹಗ್ಗ.

ದಪ್ಪ ಹೊಟ್ಟೆಯ ಅಧಿಕಾರಿಯೊಬ್ಬ ನಗುತ್ತ ಎದುರು ಬಂದ.

“ಬನ್ನಿ ಬನ್ನಿ, ಕೂತ್ಕೊಳ್ಳಿ. ಒಲ್ಲೆ ಅನ್ನೋ ಹಾಗಿಲ್ಲ. ಅನ್ನಬಹುದು, ಅಂದರೆ ಹಗ್ಗ ಇದೆ.”

“ನಾವು ಅವಸರದಲ್ಲಿದ್ದೇವೆ,” ಎಂದ ಜನಾರ್ದನ.

“ಅವಸರದವರೇ ಜಾಸ್ತಿ ಬರೋದು ಇಲ್ಲಿಗೆ. ಇವತ್ತು ಕಾಯಿ ಹೋಳಿಗೆ.”

ಎರಡು ಎಲೆ ಹಾಕಿದರು. ಕೋಸಂಬರಿ, ಅಗಸೆ ಸೊಪ್ಪಿನ ಪಲ್ಯ, ಚಿತ್ರಾನ್ನ, ಹೆಸರುಬೇಳೆ ಪಾಯಸ. ಆಮೇಲೆ ಹೋಳಿಗೆ, ಕಾವಲಿಯಿಂದ ನೇರ ಎಲೆಗೆ. ಅದರ ಮೇಲೆ ತುಪ್ಪ.

ಜನಾರ್ದನ ಕೈಕಟ್ಟಿ ಕುಳಿತ. ಅಧಿಕಾರಿಯ ನಗು ಹಾಗೇ ಇತ್ತು. ಕಣ್ಣು ಮಾತ್ರ ಹಗ್ಗದ ಕಡೆಗೆ ಹೋಯಿತು.

ಗುರುಗಳು ಕೇಳಿದರು. “ನಿಮ್ಮ ನಿಯಮ ಏನು?”

“ಇಬ್ಬರು ಬಂದರೆ ಎರಡು ಎಲೆ ಖಾಲಿ ಆಗಬೇಕು.”

“ಆಗುತ್ತದೆ.”

ಗುರುಗಳು ತಮ್ಮ ಎಲೆ ಖಾಲಿ ಮಾಡಿದರು. ಆಮೇಲೆ ಶಿಷ್ಯನ ಎಲೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಅದನ್ನೂ ಖಾಲಿ ಮಾಡಿದರು. ನಿಧಾನವಾಗಿ ಉಂಡರು. ಎಪ್ಪತ್ತು ದಾಟಿದವರಿಗೆ ಬೇಗ ಉಣ್ಣಲು ಬರುವುದಿಲ್ಲ.

ಅಧಿಕಾರಿ ತಲೆ ಕೆರೆದುಕೊಂಡ. ನಿಯಮದಲ್ಲಿ ಎಲೆಯ ಮಾತಿತ್ತು, ಬಾಯಿಯ ಮಾತಿರಲಿಲ್ಲ. ಒಳಗೆ ಹೋಗಿ ಏನೋ ಬರೆದ.

ಅವರು ಮತ್ತೆ ದಾರಿ ಹಿಡಿದಾಗ ಬಿಸಿಲು ಏರಿತ್ತು. ಜನಾರ್ದನ ಮುಂದೆ ಮುಂದೆ ನಡೆದ. ಆಮೇಲೆ ತಡೆದುಕೊಳ್ಳಲಾಗಲಿಲ್ಲ.

“ಗುರುಗಳೇ, ಇವತ್ತು ಏಕಾದಶಿ. ನೀವು ಎಂಟು ಹೋಳಿಗೆ ತಿಂದಿರಿ.”

“ಒಂಬತ್ತು. ಲೆಕ್ಕ ತಪ್ಪಬೇಡ.”

“ಅಲ್ಲಿ ಪುಂಡಲೀಕನ ಕುತ್ತಿಗೆಗೆ ಹಗ್ಗ ಹೊಸೆಯುತ್ತಿದ್ದಾರೆ!”

“ಹೌದು.”

“ನಿಮಗೆ ಪಾಯಸ ಮುಖ್ಯವಾಯಿತೇ?”

ಗುರುಗಳು ತೇಗಿದರು. ಅದನ್ನು ಉತ್ತರ ಎಂದುಕೊಳ್ಳಲು ಜನಾರ್ದನನಿಗೆ ಮನಸ್ಸು ಬರಲಿಲ್ಲ.

ಹಿಂದಿನಿಂದ ಕುದುರೆಯ ಸದ್ದು ಬಂತು. ಸವಾರನೊಬ್ಬ ಅವರನ್ನು ದಾಟಿಕೊಂಡು ಕೋಟೆಯ ಕಡೆಗೆ ಹೋದ. ಅವನ ಸೊಂಟದಲ್ಲಿ ಸುತ್ತಿದ ಓಲೆಯಿತ್ತು. ಕುದುರೆಗಳಿಗೆ ಊಟದ ಕಟ್ಟೆಯ ನಿಯಮ ಇರಲಿಲ್ಲ.

ಎರಡನೆಯ ಕಟ್ಟೆ ಹುಣಸೆ ತೋಪಿನಲ್ಲಿ. ಸೂರ್ಯ ನೆತ್ತಿಗೆ ಬಂದಿದ್ದ. ಅಲ್ಲಿ ಇದ್ದವನು ಒಬ್ಬ ಮುದುಕ. ನಗುತ್ತಿರಲಿಲ್ಲ.

“ಎಲೆ ಎರಡು,” ಎಂದ.

ಈ ಸಲ ಜನಾರ್ದನ ಮೊದಲೇ ಯೋಚಿಸಿಕೊಂಡಿದ್ದ. ಹೊಟ್ಟೆ ಹಿಡಿದುಕೊಂಡ.

“ಅಜ್ಜ, ನನಗೆ ಹೊಟ್ಟೆ ಕೆಟ್ಟಿದೆ. ಏನೂ ಸೇರುವುದಿಲ್ಲ.”

“ಕೆಟ್ಟಿದೆಯಾ? ಅಯ್ಯೋ ಪಾಪ.” ಮುದುಕ ಒಳಗೆ ತಿರುಗಿ ಕೂಗಿದ. “ಹೊಟ್ಟೆ ಕೆಟ್ಟವರ ಎಲೆ ಒಂದು!”

ಪಡುಸೀಮೆಯಲ್ಲಿ ಅದಕ್ಕೂ ವ್ಯವಸ್ಥೆಯಿತ್ತು. ಮೆತ್ತಗೆ ಬೆಂದ ಅನ್ನ, ಮೆಂತ್ಯದ ತಂಬುಳಿ, ಸುಟ್ಟ ಹಪ್ಪಳ, ಇಂಗು ಹಾಕಿದ ಮಜ್ಜಿಗೆ. ಪಕ್ಕದಲ್ಲಿ ಗುರುಗಳ ಎಲೆಗೆ ಕಡುಬು, ಮಜ್ಜಿಗೆಹುಳಿ, ಒಂದು ಗುಡ್ಡ ಅನ್ನ.

ಜನಾರ್ದನ ಎಲೆಯಿಂದ ಕೈ ಹಿಂದಕ್ಕೆ ಎಳೆದುಕೊಂಡ. ಮುದುಕ ಅವನನ್ನೇ ನೋಡುತ್ತಿದ್ದ.

“ನನ್ನ ಹೊಟ್ಟೆಯೂ ಸರಿಯಿಲ್ಲ,” ಎಂದರು ಗುರುಗಳು. ಆ ಹೊತ್ತಿಗೆ ಅದು ಸತ್ಯವಾಗಿತ್ತು. “ಆ ಎಲೆಯನ್ನೂ ಇತ್ತ ಕೊಡು.”

“ಅದು ಅವನ ಎಲೆ.”

“ಖಾಲಿಯಾಗಬೇಕು ತಾನೇ?”

ಮುದುಕ ಎಲೆಯನ್ನು ಇತ್ತ ಸರಿಸಿದ. ಗುರುಗಳು ಕಡುಬು ಮುಗಿಸಿದರು. ಅನ್ನದ ಗುಡ್ಡ ಮುಗಿಸಿದರು. ಎರಡನೆಯ ಎಲೆಗೆ ಬರುವಾಗ ಅವರ ಹಣೆಯಲ್ಲಿ ಬೆವರಿತ್ತು. ತುತ್ತಿಗೂ ತುತ್ತಿಗೂ ನಡುವೆ ಕಣ್ಣು ಮುಚ್ಚುತ್ತಿದ್ದರು. ಹಪ್ಪಳದ ಕೊನೆಯ ಚೂರನ್ನೂ ಬಿಡಲಿಲ್ಲ.

ತೋಪು ದಾಟಿದ ಮೇಲೆ ಅವರು ಕೋಲೂರಿ ನಿಂತರು.

“ಜನಾರ್ದನ, ನಿನ್ನ ಹೊಟ್ಟೆ ಈಗ ಹೇಗಿದೆ?”

“ನನಗೇನೂ ಆಗಿಲ್ಲ ಗುರುಗಳೇ. ವ್ರತ ಉಳಿಸಿಕೊಳ್ಳಲು ಹಾಗೆ ಹೇಳಿದೆ.”

“ಓಹೋ. ಉಣ್ಣಬಾರದ ತಿಥಿ ಪಂಚಾಂಗದಲ್ಲಿದೆ. ಸುಳ್ಳು ಹೇಳಬಾರದ ತಿಥಿ ಯಾವುದು?”

ಮತ್ತೊಬ್ಬ ಕುದುರೆ ಸವಾರ ಧೂಳೆಬ್ಬಿಸಿಕೊಂಡು ಅವರನ್ನು ದಾಟಿ ಹೋದ.

ಇನ್ನೂ ಎರಡು ಹರದಾರಿ ಉಳಿದಿತ್ತು. ಗುರುಗಳ ನಡಿಗೆ ನಿಧಾನವಾಗುತ್ತ ಬಂತು. ಒಂದು ಕಡೆ ಬೇಲಿಯ ಪಕ್ಕ ಕುಳಿತೇ ಬಿಟ್ಟರು. ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿದರು.

“ಯಾಕೆ ಗುರುಗಳೇ ಹೀಗೆ ತಿಂದಿರಿ?”

“ಎಲೆ ಎರಡಿತ್ತು.”

ಜನಾರ್ದನನ ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಬೇಲಿಯ ನೆರಳು ದಾರಿಯ ಅರ್ಧಕ್ಕೆ ಬಂದಿತ್ತು.

“ನೀನು ಓಡಿ ಹೋಗು,” ಎಂದರು ಗುರುಗಳು. “ನಾನು ಹಿಂದಿನಿಂದ ಬರುತ್ತೇನೆ. ನೀನೊಬ್ಬನೇ ಆದರೆ ಹೊತ್ತಿಗೆ ಮೊದಲೇ ಮುಟ್ಟುತ್ತೀಯ.”

“ಅಲ್ಲೂ ಎಲೆ ಹಾಕಿದರೆ?”

“ಹಾಕುತ್ತಾರೆ.”

ಜನಾರ್ದನ ದಾರಿ ನೋಡಿದ. ಸೂರ್ಯನನ್ನು ನೋಡಿದ. ಆಮೇಲೆ ಗುರುಗಳ ತೋಳು ತನ್ನ ಹೆಗಲ ಮೇಲೆ ಹಾಕಿಕೊಂಡ.

“ನಿಮ್ಮನ್ನು ಬಿಟ್ಟು ಹೇಗೆ ಹೋಗಲಿ?”

ಗುರುಗಳು ಅವನ ಮುಖವನ್ನು ಒಮ್ಮೆ ನೋಡಿದರು. ಅವನು ಬೇರೆ ಕಡೆ ನೋಡಿದ. ಇಬ್ಬರೂ ನಡೆದರು. ಗುರುಭಕ್ತಿ ಅಂದು ಅವನಿಗೆ ಬಹಳ ಅನುಕೂಲವಾಗಿತ್ತು.

ಕಲ್ಲುಕೋಟೆಯ ಬಾಗಿಲು ದಾಟುವಾಗ ಸೂರ್ಯ ಪಡುವಣ ಗೋಡೆಯ ಮೇಲೆ ಎರಡು ಗೇಣು ಎತ್ತರದಲ್ಲಿದ್ದ.

ಅಂಗಳದ ಒಂದು ಕಡೆ ಮರದ ಕಂಬ, ಅಡ್ಡ ತೊಲೆ, ಹಗ್ಗ. ಇನ್ನೊಂದು ಕಡೆ ಅಡುಗೆಮನೆ. ನಡುವೆ ಒಂದು ಮಣೆ, ಒಂದು ಎಲೆ. ಎಲೆಯ ಎದುರು ಕಲ್ಲಿನ ಪೀಠದ ಮೇಲೆ ಠಾಣೇದಾರ ತಿರುಮಲರಾಯ.

ಹಗ್ಗದ ಕೆಳಗೆ ಪುಂಡಲೀಕ, ಕೈ ಹಿಂದಕ್ಕೆ ಕಟ್ಟಿಸಿಕೊಂಡು ನಿಂತಿದ್ದ. ಇವರನ್ನು ಕಂಡು ಅವನ ಮುಖ ಅರಳಿತು.

“ಬಂದೆಯಾ ಜನ್ನ! ನಿನ್ನ ದಶಮಿ ಬಹಳ ರುಚಿಯಾಗಿತ್ತು ಕಣೋ!”

ನಕ್ಕ. ನಗು ಅರ್ಧಕ್ಕೇ ನಡುಗಿತು.

ಗುರುಗಳು ಮುಂದೆ ಬಂದರು. “ಇವನು ನನ್ನ ಶಿಷ್ಯ. ಗೂಢಚಾರನಲ್ಲ. ಅವಲಕ್ಕಿ ತಿಂದದ್ದು ಮಾತ್ರ ನಿಜ. ನಾನು ಜಾಮೀನು ನಿಲ್ಲುತ್ತೇನೆ.”

“ನಿಮ್ಮ ಮೇಲೆ ನನಗೆ ಸಂಶಯವಿಲ್ಲ ಸ್ವಾಮಿ,” ಎಂದ ತಿರುಮಲರಾಯ. ಅವನ ಮುಂದೆ ಎರಡು ಓಲೆಗಳಿದ್ದವು. “ನೀವು ದಾರಿಯಲ್ಲಿ ಧಾರಾಳವಾಗಿ ಉಂಡಿದ್ದೀರಿ. ವರದಿ ಬಂದಿದೆ. ಪ್ರಯಾಣಿಕರು ಇಬ್ಬರು, ಎಲೆ ನಾಲ್ಕು, ಬಾಯಿ ಒಂದು.”

ಅವನು ಹಗ್ಗದ ಕಡೆಗೆ ತಿರುಗಿದ.

“ಪುಂಡಲೀಕ, ನಿನ್ನೆ ದಶಮಿ ಎಂದು ನಿನಗೆ ಹೇಳಿದವರು ಯಾರು?”

ಪುಂಡಲೀಕ ಬಾಯಿ ಬಿಗಿದುಕೊಂಡ.

“ನಾನು,” ಎಂದ ಜನಾರ್ದನ.

“ಹಾಗಾದರೆ ಮಣೆಯ ಮೇಲೆ ಕೂರು. ನಮ್ಮ ದ್ವಾದಶಿಯ ಊಟ ಉಣ್ಣು. ಮನಸಾರೆ ಉಂಡರೆ ನೀವು ಹಗೆಯವರಲ್ಲ, ಮೂವರೂ ಹೋಗಬಹುದು. ಒಲ್ಲದೆ ಉಂಡರೆ ಅವನ ಜೊತೆಗೆ ನಿನಗೂ ಹಗ್ಗ.”

“ಒಲ್ಲದೆ ಉಂಡದ್ದು ನಿಮಗೆ ಹೇಗೆ ಗೊತ್ತಾಗುತ್ತದೆ?”

ತಿರುಮಲರಾಯ ತನ್ನ ಕುತ್ತಿಗೆಯ ಮೇಲೆ ಒಂದು ಬೆರಳಿಟ್ಟು ತೋರಿಸಿದ.

“ಒಲ್ಲದ ತುತ್ತು ಇಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಇಳಿಯುತ್ತದೆ. ಮೂವತ್ತು ವರ್ಷದಿಂದ ಗಂಟಲು ನೋಡುತ್ತಿದ್ದೇನೆ. ಮುಖ ಸುಳ್ಳು ಹೇಳುತ್ತದೆ, ಗಂಟಲು ಹೇಳುವುದಿಲ್ಲ. ಮೂರು ತುತ್ತು ಸಾಕು.”

ಜನಾರ್ದನ ಗುರುಗಳ ಕಡೆ ತಿರುಗಿದ.

“ಗುರುಗಳೇ, ಏನು ಮಾಡಲಿ?”

“ಈ ಎಲೆ ನನಗೆ ಹಾಕಿದ್ದಲ್ಲ.”

ಅವನು ಮಣೆಯ ಮೇಲೆ ಕುಳಿತ. ಉಗುಳು ನುಂಗಲು ನೋಡಿದ. ಉಗುಳು ಇರಲಿಲ್ಲ. ಬೆಳಗಿನಿಂದ ನೀರಿಲ್ಲದ ಗಂಟಲು ಒಣ ತೊಗಟೆಯಾಗಿತ್ತು. ಅಮೃತ ಹಾಕಿದರೂ ಅಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ತಿರುಮಲರಾಯ ಮುಂದಕ್ಕೆ ಬಾಗಿ ಕುಳಿತ.

ಅಡುಗೆಮನೆಯಿಂದ ಒಬ್ಬ ಹೆಂಗಸು ಬಂದಳು. ಐವತ್ತರ ಸುಮಾರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಎಲೆಗೆ ಅನ್ನ ಹಾಕಿದಳು. ಹಾಕುತ್ತ ಜನಾರ್ದನನ ತುಟಿ ನೋಡಿದಳು. ತುಟಿ ಬಿರುಕು ಬಿಟ್ಟಿತ್ತು.

ಅವಳು ಒಳಗೆ ಹೋಗಿ ಇನ್ನೊಂದು ಪಾತ್ರೆ ತಂದಳು. ಅನ್ನದ ಮೇಲೆ ಧಾರಾಳವಾಗಿ ಸುರಿದಳು.

“ಏನಮ್ಮ ಅದು?” ಎಂದ ತಿರುಮಲರಾಯ.

“ನೆಲ್ಲಿಕಾಯಿ ತಂಬುಳಿ.”

“ಮೊದಲು ತೊವ್ವೆ ಬಡಿಸುವುದು ಕ್ರಮ.”

“ತೊವ್ವೆ ಇನ್ನೂ ಬೆಂದಿಲ್ಲ. ಹೊತ್ತು ಮುಳುಗೋದನ್ನ ನೀವು ತಡೆದು ನಿಲ್ಲಿಸಿ, ನಾನು ಬೇಯಿಸಿ ತರ್ತೀನಿ.”

ಕಾವಲುಗಾರನೊಬ್ಬ ಕಿಸಕ್ಕೆಂದ. ತಿರುಮಲರಾಯ ಗೋಡೆಯ ಕಡೆ ನೋಡಿದ. ಸೂರ್ಯ ಅರ್ಧ ಗೇಣಿಗೆ ಬಂದಿದ್ದ.

“ಇರಲಿ. ಉಣ್ಣು.”

ಜನಾರ್ದನ ಅನ್ನಕ್ಕೆ ಕೈ ಇಟ್ಟ. ಹನ್ನೆರಡು ವರ್ಷಗಳ ಏಕಾದಶಿಗಳು ಒಂದರ ಹಿಂದೊಂದು ಅವನ ಕಣ್ಣ ಮುಂದೆ ಬಂದವು. ಇನ್ನೂರ ಎಂಬತ್ತೆಂಟು. ಅಧಿಕ ಮಾಸದವು ಬೇರೆ. ಈ ಹೊತ್ತಿನಲ್ಲೂ ಲೆಕ್ಕ ತಪ್ಪಲಿಲ್ಲ.

ಪುಂಡಲೀಕನ ಕುತ್ತಿಗೆಗೆ ಹಗ್ಗ ಹಾಕುವ ಸದ್ದು ಕೇಳಿತು.

ಅವನು ತುತ್ತು ಬಾಯಿಗಿಟ್ಟ.

ಹುಳಿ.

ಕೆನ್ನೆಯ ಒಳಗಿನಿಂದ ಏನೋ ಒಡೆದ ಹಾಗಾಯಿತು. ಎಲ್ಲಿತ್ತೋ, ಬಾಯಿಯ ತುಂಬ ನೀರು. ನೆಲ್ಲಿಯ ಹುಳಿ, ಅದರ ಹಿಂದೆ ಜೀರಿಗೆ, ಮೆಣಸು, ತೆಂಗಿನಕಾಯಿಯ ತಂಪು, ಎಲ್ಲಕ್ಕೂ ಕೊನೆಯಲ್ಲಿ ತುಪ್ಪದ ಒಗ್ಗರಣೆ. ತುತ್ತು ಜಾರಿ ಹೋಯಿತು. ಒಲ್ಲೆ ಎನ್ನಲು ಅವನಿಗೆ ಹೊತ್ತೇ ಸಿಗಲಿಲ್ಲ.

ತಿರುಮಲರಾಯನ ಕಣ್ಣು ಕದಲಲಿಲ್ಲ. “ಒಂದು.”

ಎರಡನೆಯ ತುತ್ತು ಮೊದಲನೆಯದಕ್ಕಿಂತ ದೊಡ್ಡದಿತ್ತು.

“ಎರಡು.”

ಮೂರನೆಯದನ್ನು ಎಣಿಸುವ ಮೊದಲೇ ನಾಲ್ಕನೆಯದು ಹೋಗಿತ್ತು. ಆಮೇಲೆ ಎಣಿಸುವುದನ್ನು ಎಲ್ಲರೂ ಬಿಟ್ಟರು. ಜನಾರ್ದನ ಎಲೆಯ ಮೇಲೆ ಬಾಗಿದ್ದ. ತಂಬುಳಿ ಎಲೆಯ ಅಂಚಿಗೆ ಹರಿದರೆ ಅಂಗೈಯಿಂದ ತಡೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಎಲೆ ಖಾಲಿಯಾಯಿತು. ಅವನು ತಲೆ ಎತ್ತಿದ.

“ಇನ್ನೊಂದು ಸ್ವಲ್ಪ.”

ಅಂಗಳಕ್ಕೆಲ್ಲ ಕೇಳಿಸಿತು. ಅವನಿಗೂ ಕೇಳಿಸಿತು.

ಆ ಹೆಂಗಸು ಮತ್ತೆ ಬಡಿಸಿದಳು.

ತಿರುಮಲರಾಯ ಹಿಂದಕ್ಕೆ ಒರಗಿದ. “ಇದು ನಟನೆಯಲ್ಲ,” ಎಂದ. ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು. “ಹಗ್ಗ ತೆಗೆಯಿರಿ.”

ಗೋಡೆಯ ಆಚೆ ಸೂರ್ಯ ಇಳಿದ.

ಕೋಟೆಯ ಬಾಗಿಲಿನ ಹೊರಗೆ ಒಂದು ಕೊಳವಿತ್ತು. ಮೂವರೂ ಅದರ ಮೆಟ್ಟಿಲ ಮೇಲೆ ಕುಳಿತರು. ಆಕಾಶದಲ್ಲಿ ಇನ್ನೂ ಕೆಂಪು ಇತ್ತು. ಗುರುಗಳು ಒಂದು ಮಗ್ಗುಲಿಗೆ ಒರಗಿ ಹೊಟ್ಟೆ ನೀವಿಕೊಳ್ಳುತ್ತಿದ್ದರು. ಪುಂಡಲೀಕ ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

“ನಿನ್ನೆ ಮಧ್ಯಾಹ್ನದಿಂದ ನನಗೆ ಒಂದು ಕಾಳು ಅಕ್ಕಿ ಕೊಟ್ಟಿಲ್ಲ,” ಎಂದ ಪುಂಡಲೀಕ. “ಇವತ್ತು ಏಕಾದಶಿ ಮಾಡಿದವನು ನಾನೊಬ್ಬನೇ. ಗುರುಗಳದೂ ಹೋಯಿತು, ಪಂಚಾಂಗದವನದೂ ಹೋಯಿತು.”

ಜನಾರ್ದನ ಮೊಣಕಾಲ ನಡುವೆ ಮುಖ ಇಟ್ಟುಕೊಂಡಿದ್ದ.

“ತಮಾಷೆ ಮಾಡಿದೆ ಕಣೋ ಜನ್ನ. ನೀನು ಉಣ್ಣದೆ ಇದ್ದರೆ ನಾನು ಈಗ ಆ ತೊಲೆಯಲ್ಲಿ ತೂಗಾಡುತ್ತಿದ್ದೆ.”

“ನಿನಗಾಗಿ ಉಂಡೆ ಎಂದು ಹೇಳಲು ನನಗೆ ಬಾಯಿಲ್ಲ ಪುಂಡ.” ಅವನು ತಲೆ ಎತ್ತಿದ. “ಗುರುಗಳೇ, ಮೊದಲ ತುತ್ತು ಎತ್ತಿದ್ದು ಇವನ ಜೀವಕ್ಕಾಗಿ. ಅದನ್ನು ನಾನು ತಾಳಿಕೊಳ್ಳುತ್ತಿದ್ದೆ. ಆದರೆ ಬಾಯಿಗೆ ಹುಳಿ ತಾಗಿದ ಮೇಲೆ ಇವನು ನೆನಪಿಗೇ ಬರಲಿಲ್ಲ. ಏಕಾದಶಿ ನೆನಪಿಗೆ ಬರಲಿಲ್ಲ. ಹಗ್ಗ ನೆನಪಿಗೆ ಬರಲಿಲ್ಲ. ಇನ್ನೊಂದು ಸ್ವಲ್ಪ ಎಂದು ಕೇಳಿಬಿಟ್ಟೆ. ವ್ರತ ಮುರಿದದ್ದಕ್ಕೆ ಪ್ರಾಯಶ್ಚಿತ್ತ ಗ್ರಂಥದಲ್ಲಿದೆ. ಇದಕ್ಕೆ ಏನಿದೆ?”

“ತಂಬುಳಿ ಅಷ್ಟು ಚೆನ್ನಾಗಿತ್ತೇ?”

“ನನ್ನ ಜನ್ಮದಲ್ಲಿ ಅಂಥದ್ದು ಉಂಡಿಲ್ಲ ಗುರುಗಳೇ. ಅದೇ ನನ್ನ ಪಾಪ. ನನ್ನ ಗಂಟಲು ಒಣಗಿ ಹೋಗಿತ್ತು. ಬರಿ ಅನ್ನವಾಗಿದ್ದರೆ, ತೊವ್ವೆಯಾಗಿದ್ದರೆ, ಅದು ನಿಂತೇ ನಿಲ್ಲುತ್ತಿತ್ತು. ಆ ಹುಳಿಗೆ ಬಾಯಿ ತನ್ನಷ್ಟಕ್ಕೆ ನೀರಾಯಿತು. ನಾನು ಏನೂ ಮಾಡಲಿಲ್ಲ. ನನ್ನ ಹನ್ನೆರಡು ವರ್ಷದ ನಿಷ್ಠೆ ಒಂದು ನೆಲ್ಲಿಕಾಯಿಯ ಮುಂದೆ ನಿಲ್ಲಲಿಲ್ಲ. ಹೇಳಿ ಗುರುಗಳೇ, ನಾನೀಗ ಏನು ಮಾಡಬೇಕು?”

ಗುರುಗಳು ಕೋಲು ಊರಿ ಕಷ್ಟಪಟ್ಟು ಎದ್ದು ಕುಳಿತರು. ಕೋಟೆಯ ಒಳಗಿನಿಂದ ಪಾತ್ರೆ ಉಜ್ಜುವ ಸದ್ದು ಬರುತ್ತಿತ್ತು.

“ಊಟ ಚೆನ್ನಾಗಿತ್ತು ಅಂತ ಆ ತಾಯಿಗೆ ಹೇಳಿದೆಯಾ?”